ಶಾಲೆಗೊಂದು ತುರ್ತು ಎಚ್ಚರಿಕೆ ವ್ಯವಸ್ಥೆ: ಪೋಷಕರು ಅದನ್ನು ಕೇಳಿ ಪಡೆಯುವ ಬಗೆ

ನಮ್ಮ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಇರುವುದು ಒಂದೇ ಗಂಟೆ. ಪ್ರಾರ್ಥನೆಗೂ ಅದೇ, ಬಿಸಿಯೂಟಕ್ಕೂ ಅದೇ, ಸಂಜೆ ಮನೆಗೆ ಬಿಡುವಾಗ ಉದ್ದಕ್ಕೆ ಬಾರಿಸುವುದೂ ಅದನ್ನೇ. ಅಡುಗೆಕೋಣೆಗೆ ಬೆಂಕಿ ಬಿದ್ದಾಗಲೂ ಅದೇ ಗಂಟೆಯನ್ನು ಉದ್ದಕ್ಕೆ ಬಾರಿಸಿದರೆ, ಮಕ್ಕಳು ಸಹಜವಾಗಿಯೇ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು, ಬಾಗಿಲ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿಗಳಲ್ಲಿ ತಮ್ಮದನ್ನು ಹುಡುಕುತ್ತಾ ನಿಲ್ಲುತ್ತಾರೆ. ಆದ್ದರಿಂದ ಎಚ್ಚರಿಕೆ ವ್ಯವಸ್ಥೆ ಬೇಕೆಂದು ಒತ್ತಾಯಿಸುವ ಮೊದಲು, ಯಾವ ಸದ್ದಿಗೆ ಮಕ್ಕಳು ಏನು ಮಾಡಬೇಕು ಎಂಬುದನ್ನು ನಾವೇ ತೀರ್ಮಾನಿಸಿಕೊಂಡಿರಬೇಕು.

ಕನಿಷ್ಠ ಎರಡು ಸಂಕೇತಗಳು ಬೇಕು, ಮತ್ತು ಅವು ಕಿವಿಗೆ ಒಂದರಂತೆ ಇನ್ನೊಂದು ಕೇಳಿಸಬಾರದು. ‘ಹೊರಗೆ ಬನ್ನಿ’ ಎಂಬುದು ಬೆಂಕಿ, ಅನಿಲ ಸೋರಿಕೆ, ಗೋಡೆ ಬಿರುಕು ಮುಂತಾದವುಗಳಿಗೆ. ‘ಒಳಗೇ ಇರಿ, ಬಾಗಿಲು ಹಾಕಿಕೊಳ್ಳಿ’ ಎಂಬುದು ಅಪರಿಚಿತನೊಬ್ಬ ಆಯುಧ ಹಿಡಿದು ಬಂದಾಗ, ಹೆಜ್ಜೇನು ಎದ್ದಾಗ ಅಥವಾ ಕಾಡುಪ್ರಾಣಿ ಆವರಣಕ್ಕೆ ನುಗ್ಗಿದಾಗ. ಕಾಡುಪ್ರಾಣಿಯ ಮಾತು ಉತ್ಪ್ರೇಕ್ಷೆಯಲ್ಲ: 2016ರ ಫೆಬ್ರುವರಿ 7ರಂದು ಬೆಂಗಳೂರಿನ ಪೂರ್ವ ಭಾಗದ ಖಾಸಗಿ ಶಾಲೆಯೊಂದಕ್ಕೆ ಚಿರತೆ ನುಗ್ಗಿ, ಅದನ್ನು ಹಿಡಿಯಲು ಹೋದವರ ಮೇಲೆಯೇ ಎರಗಿತ್ತು. ಅಂದು ಭಾನುವಾರವಾದ್ದರಿಂದ ತರಗತಿಗಳಲ್ಲಿ ಮಕ್ಕಳಿರಲಿಲ್ಲ. ಸಂಕೇತ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಯೊಂದಿದೆ. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಪ್ರೌಢಶಾಲೆಯಲ್ಲಿ ಗುಂಡಿನ ದಾಳಿ ನಡೆದು 17 ಜನ ಸತ್ತಾಗ, ಗುಂಡುಗಳಿಂದ ಎದ್ದ ಧೂಳು ಬೆಂಕಿಯ ಅಲಾರಂ ಅನ್ನು ಹೊಡೆಸಿತು. ಅದನ್ನು ನಂಬಿದ ವಿದ್ಯಾರ್ಥಿಗಳು ಸುರಕ್ಷಿತವಾಗಿದ್ದ ಕೊಠಡಿಗಳಿಂದ ಮೊಗಸಾಲೆಗೆ ಬಂದರು. ಅಂದು ತೀರಿಕೊಂಡ ಬಾಲಕಿ ಅಲಿಸ್ಸಾ ಅಲ್ಹಾಡೆಫ್‌ಳ ಹೆಸರಿನಲ್ಲಿ ನ್ಯೂಜೆರ್ಸಿ 2019ರಲ್ಲಿ ಮಾಡಿದ ಕಾನೂನು, ಶಾಲಾ ಕಟ್ಟಡಗಳಿಂದ ಪೊಲೀಸರಿಗೆ ಸದ್ದಿಲ್ಲದೆ ಸುದ್ದಿ ಮುಟ್ಟಿಸುವ ತುರ್ತು ಗುಂಡಿಯಂಥ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಫ್ಲಾರಿಡಾ, ಟೆಕ್ಸಾಸ್ ಮೊದಲಾದ ರಾಜ್ಯಗಳು ಅದೇ ದಾರಿ ಹಿಡಿದವು.

ನಮ್ಮಲ್ಲಿ ಒತ್ತಾಯಕ್ಕೆ ಆಧಾರವೇನು? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಆ ದುರಂತದ ಬೆನ್ನಿಗೇ ಸುಪ್ರೀಂ ಕೋರ್ಟಿಗೆ ಹೋದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರ ಏಪ್ರಿಲ್‌ನಲ್ಲಿ ತೀರ್ಪು ಬಂದು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಹೇಳಿತು. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಶಾಲೆಗಳಲ್ಲಿ ಬೆಂಕಿ ನಂದಿಸುವ ಸಾಧನಗಳಿರಬೇಕು, ಸಿಬ್ಬಂದಿಗೆ ಅವುಗಳ ಬಳಕೆ ಗೊತ್ತಿರಬೇಕು ಎಂದು ನಿರ್ದೇಶಿಸಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ. ಅರ್ಜಿಯಲ್ಲಿ ಈ ಎರಡನ್ನೂ ಹೆಸರಿಸಿ. ‘ಮಕ್ಕಳ ಹಿತದೃಷ್ಟಿಯಿಂದ’ ಎಂಬ ಮಾತಿಗಿಂತ ತೀರ್ಪಿನ ಹೆಸರಿಗೆ ಕಚೇರಿಗಳಲ್ಲಿ ತೂಕ ಹೆಚ್ಚು.

ಸರ್ಕಾರಿ ಶಾಲೆಗಳಲ್ಲಿ ಕೆಲಸ ಪೋಷಕರೂ ಸದಸ್ಯರಾಗಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ (ಎಸ್‌ಡಿಎಂಸಿ) ಶುರುವಾಗಲಿ. ಈ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ, ಮತ್ತು ಅನುದಾನಕ್ಕೆ ಆ ಯೋಜನೆಯೇ ಆಧಾರ. ಅನುದಾನಿತ ಶಾಲೆಗಳ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇದೆ. ಸಭೆಯಲ್ಲಿ ಬಾಯಿಮಾತಿನ ಒಪ್ಪಿಗೆಗೆ ತೃಪ್ತರಾಗದೆ, ಎಚ್ಚರಿಕೆ ವ್ಯವಸ್ಥೆಯನ್ನು ಯೋಜನೆಯಲ್ಲಿ ಸೇರಿಸಬೇಕೆಂಬ ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಗ್ರಾಮ ಪಂಚಾಯಿತಿಗೂ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸಮಿತಿಯ ನಿಯಮ ಅನ್ವಯಿಸದು. ಅಲ್ಲಿ ಹತ್ತಾರು ಪೋಷಕರ ಸಹಿಯಿರುವ ಪತ್ರವನ್ನು ಆಡಳಿತ ಮಂಡಳಿಗೆ ಕೊಡಿ. ಮಾನ್ಯತೆಗಾಗಿ ಶಾಲೆ ಸಲ್ಲಿಸಿದ ಅಗ್ನಿ ಸುರಕ್ಷತೆಯ ದಾಖಲೆಗಳನ್ನು ಶಿಕ್ಷಣ ಇಲಾಖೆಯಿಂದ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಜಗಳದ ದನಿ ಬೇಡ. ದಾಖಲೆ ಕೇಳಿದ ದಿನವೇ ಅರ್ಧ ಕೆಲಸ ಸಾಗಿರುತ್ತದೆ.

ಏನನ್ನು ಕೊಳ್ಳಬೇಕು ಎಂಬಲ್ಲಿ ಮಾರಾಟಗಾರರ ಮಾತಿಗೆ ಮರುಳಾಗಬೇಡಿ. ನಾಲ್ಕೈದು ಕೊಠಡಿಗಳ ಹಳ್ಳಿ ಶಾಲೆಗೆ ಬ್ಯಾಟರಿಯಿಂದ ನಡೆಯುವ ಸೈರನ್ ಒಂದು, ಬೇರೆ ಸದ್ದಿನ ಕೈಗಂಟೆ ಒಂದು ಸಾಕು. ಎರಡು ಮೂರು ಮಹಡಿಗಳ ಕಟ್ಟಡಕ್ಕೆ ಪ್ರತಿ ಮಹಡಿಯ ಮೆಟ್ಟಿಲ ಬಳಿ ಒತ್ತುವ ಗುಂಡಿ, ಹೊಗೆ ಪತ್ತೆ ಸಾಧನ ಮತ್ತು ಮಾತಿನಲ್ಲಿಯೇ ಸೂಚನೆ ಕೊಡಬಲ್ಲ ಧ್ವನಿವರ್ಧಕ ಬೇಕು. ಅಡುಗೆಕೋಣೆಯಲ್ಲಿ ಮಾತ್ರ ಹೊಗೆಯ ಬದಲು ಶಾಖವನ್ನು ಗುರುತಿಸುವ ಸಾಧನವಿರಲಿ, ಇಲ್ಲದಿದ್ದರೆ ಒಗ್ಗರಣೆ ಹಾಕಿದಾಗಲೆಲ್ಲ ಅಲಾರಂ ಹೊಡೆದು ಯಾರೋ ಅದರ ತಂತಿ ಕಿತ್ತಿಡುತ್ತಾರೆ. ಕರೆಂಟು ಹೋದಾಗಲೂ ಇವು ನಡೆಯಬೇಕು. ಸದ್ದು ಶೌಚಾಲಯಕ್ಕೂ ಆಟದ ಮೈದಾನದ ಕೊನೆಗೂ ಕೇಳಿಸಬೇಕು. ಕಿವಿ ಕೇಳಿಸದ ಮಗುವಿದ್ದರೆ ಮಿನುಗುವ ದೀಪ ಬೇಕು, ಜೊತೆಗೆ ಕೈಹಿಡಿದು ಕರೆದೊಯ್ಯಲು ಗೊತ್ತುಪಡಿಸಿದ ಸಹಪಾಠಿಯೂ ಇರಬೇಕು. 112ಕ್ಕೆ ಕರೆ ಮಾಡುವವರು ಯಾರು, ಅವರು ರಜೆಯಲ್ಲಿದ್ದರೆ ಇನ್ಯಾರು ಎಂಬುದನ್ನು ಗೋಡೆಯ ಮೇಲೆ ಬರೆದಿಡಿ.

ವ್ಯವಸ್ಥೆ ಬಂದ ವಾರದಲ್ಲಿಯೇ ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಅಣಕು ಕಾರ್ಯಾಚರಣೆ ಮಾಡಿಸಿ. ಮೊದಲ ಬಾರಿ ತಿಳಿಸಿ, ಎರಡನೆಯ ಬಾರಿ ತಿಳಿಸದೆ ಮಾಡಿ. ‘ಒಳಗೇ ಇರಿ’ ಸಂಕೇತವನ್ನೂ ಅಭ್ಯಾಸ ಮಾಡಿಸಿ, ಏಕೆಂದರೆ ಶಾಲೆಗಳು ಮರೆಯುವುದು ಅದನ್ನೇ. ಕೊನೆಯ ಮಗು ಮೈದಾನ ತಲುಪಲು ಎಷ್ಟು ನಿಮಿಷ ಹಿಡಿಯಿತು, ಹಾಜರಿ ಲೆಕ್ಕ ಹೊಂದಿತೇ, ಬೀಗ ಹಾಕಿದ್ದ ಗೇಟು ಯಾವುದು ಎಂಬುದನ್ನು ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ದಿನಾಂಕ ಸಹಿತ ಬರೆಯಲಿ. ತಿಂಗಳಿಗೊಮ್ಮೆ ಸೈರನ್ ಪರೀಕ್ಷಿಸಿದ ದಿನವೂ, ಬ್ಯಾಟರಿ ಬದಲಿಸಿದ ದಿನವೂ ಅದರಲ್ಲಿಯೇ ಇರಲಿ, ಮತ್ತು ಪ್ರತಿ ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಆ ಪುಸ್ತಕವನ್ನು ತೆರೆದು ನೋಡುವ ರೂಢಿಯಾಗಲಿ.