ಬೈಗುಳ ಯಾವಾಗ ಕಾನೂನಿನ ವಿಷಯವಾಗುತ್ತದೆ?

‘ಕೈ ಮಾಡಿಲ್ಲವಲ್ಲ, ಬಾಯಿಮಾತಿಗೆ ಪೊಲೀಸರೇಕೆ?’ ಇಂಗ್ಲೆಂಡ್, ವೇಲ್ಸ್‌ಗೆ ಹೊಸದಾಗಿ ಬಂದ ಕುಟುಂಬಗಳು ಮೊದಲು ಬಿಡಬೇಕಾದ ಎಣಿಕೆ ಇದು.

ಒಮ್ಮೆ ಜಗಳವಾಡಿ ಕೆಟ್ಟ ಮಾತು ಆಡಿದ ಮಾತ್ರಕ್ಕೆ ಸಾಮಾನ್ಯವಾಗಿ ಅಪರಾಧವಾಗುವುದಿಲ್ಲ. ಕೊಲೆ ಬೆದರಿಕೆಯ ವಿಷಯ ಬೇರೆ. ಎದುರಿನವರು ನಂಬಿ ಹೆದರಲೆಂದೇ ಆಡಿದ್ದರೆ ಒಂದು ಸಲ ಸಾಕು; 10 ವರ್ಷದವರೆಗೆ ಶಿಕ್ಷೆಯಿದೆ.

ಇನ್ನು ದಿನವೂ ನಡೆಯುವ ಹಿಂಸೆ. ಮೇಲಿಂದ ಮೇಲೆ ಹೀಯಾಳಿಸುವುದು, ಖರ್ಚಿಗೆ ಹಣ ಕೊಡದೆ ಸತಾಯಿಸುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು: 2015ರ ಕಾನೂನು ಇವೆಲ್ಲವನ್ನೂ ಒಟ್ಟಾಗಿ ನೋಡುತ್ತದೆ. ಇದರಿಂದ ಕನಿಷ್ಠ ಎರಡು ಬಾರಿ ಹೊಡೆತದ ಭಯ ಹುಟ್ಟಿದ್ದರೆ, ಅಥವಾ ನಿತ್ಯದ ಬದುಕೇ ಏರುಪೇರಾಗುವಷ್ಟು ಕಳವಳವಾಗಿದ್ದರೆ, 5 ವರ್ಷದವರೆಗೆ ಸೆರೆವಾಸವಾಗಬಹುದು. ‘ಸಿಟ್ಟಿನಲ್ಲಿ ಅಂದೆ, ಇಷ್ಟು ನೋವಾಗುತ್ತದೆಂದು ಗೊತ್ತಿರಲಿಲ್ಲ’ ಎಂದರೆ ಸಾಲದು. ಗೊತ್ತಿರಬೇಕಾಗಿತ್ತು ಎಂದು ನ್ಯಾಯಾಲಯ ಹೇಳಬಹುದು. ಬೇರೆ ಮನೆಯಲ್ಲಿರುವ ಅತ್ತೆ, ಮಾವ, ಮಾಜಿ ಗಂಡನೂ 2023ರ ಏಪ್ರಿಲ್‌ನಿಂದ ಇದರ ವ್ಯಾಪ್ತಿಗೆ ಬಂದಿದ್ದಾರೆ. ಗಂಡಸರೂ ದೂರು ಕೊಡಬಹುದು. ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುವ ಮಗುವನ್ನೂ 2021ರ ಕಾನೂನು ಸಂತ್ರಸ್ತರೆಂದೇ ಎಣಿಸುತ್ತದೆ.

ನಮ್ಮವರ ಬಾಯಿ ಕಟ್ಟಿಹಾಕುವ ಮಾತು ಮತ್ತೊಂದಿದೆ: ‘ವೀಸಾ ರದ್ದು ಮಾಡಿಸಿ ಊರಿಗೆ ಅಟ್ಟುತ್ತೇನೆ.’ ಆ ಅಧಿಕಾರ ಗಂಡನಿಗಿಲ್ಲ, ಗೃಹ ಇಲಾಖೆಗಿದೆ. ದೌರ್ಜನ್ಯದಿಂದ ಸಂಬಂಧ ಮುರಿದವರಿಗೆ ಇಲ್ಲೇ ಉಳಿಯಲು 3 ತಿಂಗಳ ತಾತ್ಕಾಲಿಕ ಅನುಮತಿ ಸಿಗುವ ವ್ಯವಸ್ಥೆಯೂ ಇದೆ. ಆದರೆ ಅದು ಸಿಕ್ಕೊಡನೆ ಈಗಿರುವ ವೀಸಾ ಹೋಗುತ್ತದೆ. ದಯವಿಟ್ಟು ವಲಸೆ ವಕೀಲರನ್ನು ಕಾಣದೆ ಅರ್ಜಿ ಹಾಕಬೇಡಿ.

ಅಪಾಯವಿದ್ದರೆ 999ಕ್ಕೆ ಕರೆ ಮಾಡಿ. ಮೊಬೈಲ್‌ನಿಂದ ಕರೆದು ಮಾತಾಡಲಾಗದಿದ್ದರೆ, ಒತ್ತಲು ಸೂಚನೆ ಬಂದಾಗ 55 ಒತ್ತಿ. ಮಹಿಳೆಯರಿಗೆ ಸಹಾಯವಾಣಿ 0808 2000 247 ಹಗಲಿರುಳೂ ಉಚಿತ. ಗಂಡಸರಿಗೆ 0808 801 0327. ಕಿರುಕುಳ ತಡೆಯುವ ಆದೇಶಕ್ಕೆ ಕುಟುಂಬ ನ್ಯಾಯಾಲಯದಲ್ಲಿ ಶುಲ್ಕವಿಲ್ಲ, ಅದನ್ನು ಮೀರುವುದೇ ಅಪರಾಧ.

ಹೆದರಿಕೆಯಿರುವ ಮನೆಯಲ್ಲಿ ನಮ್ಮ ಸಂಘದ ಹಿರಿಯರು ರಾಜಿ ಪಂಚಾಯಿತಿ ಮಾಡುವುದಿಲ್ಲ, ಮಾಡಲೂಬಾರದು. ನಾವು ಜೊತೆಗೆ ಬರುತ್ತೇವೆ, ಅರ್ಜಿ ಓದಿ ಹೇಳುತ್ತೇವೆ.

ಸಂದೇಶಗಳನ್ನು ಅಳಿಸದೆ ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಪೊಲೀಸರ ಬಳಿ ಕನ್ನಡ ದುಭಾಷಿಯನ್ನು ಕೇಳಿ, ಮಕ್ಕಳ ಬಾಯಲ್ಲಿ ಅನುವಾದ ಮಾಡಿಸಬೇಡಿ. ಬೈಗುಳವನ್ನು ಹೇಳಲು ನಾಚಿಕೆಯಾದರೂ ಮೆತ್ತಗೆ ಮಾಡದೆ, ಆಡಿದ ಹಾಗೆಯೇ ಹೇಳಿ ಬರೆಸಿ.