ರಜೆಯಲ್ಲಿ ಮಕ್ಕಳೊಂದಿಗೆ ನಿಸರ್ಗಹಾದಿ ಕಡಿಯುವುದು ಹೇಗೆ?

ಸಂಸಾರ ಸಮೇತ ಹೋಗಿ ಕಾಡಂಚಿನಲ್ಲೋ ಗುಡ್ಡದ ಮಗ್ಗುಲಲ್ಲೋ ಕಾಲುಹಾದಿ ಮಾಡಿಕೊಟ್ಟು ಬರುವ ಸ್ವಯಂಸೇವಾ ಶಿಬಿರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮೊದಲೆರಡು ದಿನ ಪೊದೆ ಸವರುವುದರಲ್ಲಿ ಹೋಗುತ್ತದೆ, ಕೊನೆಯ ದಿನ ಬಣ್ಣದ ಫಲಕ ನೆಡುವುದರಲ್ಲಿ. ನಡುವೆ ಆಗಬೇಕಾದ ಮಣ್ಣಿನ ಕೆಲಸಕ್ಕೆ ಉಳಿಯುವುದು ಒಂದು ಮಧ್ಯಾಹ್ನ. ಫೋಟೊದಲ್ಲಿ ಹಾದಿ ಚೆನ್ನಾಗಿಯೇ ಬರುತ್ತದೆ. ಒಂದು ಮಳೆಗಾಲ ಕಳೆದರೆ ಅಲ್ಲಿ ಕೊರಕಲು ಬಿದ್ದಿರುತ್ತದೆ. ಹಾದಿಯ ಮೇಲೆ ಬಿದ್ದ ನೀರು ಪಕ್ಕಕ್ಕೆ ಇಳಿದುಹೋಗಬೇಕು, ಹಾದಿಗುಂಟ ಹರಿಯಬಾರದು. ಈ ಲೇಖನದ ಹೆಚ್ಚು ಭಾಗ ಐದನೇ ಹಂತಕ್ಕೇ ಮೀಸಲಾಗಿರುವುದು ಅದಕ್ಕಾಗಿ. ಇಲ್ಲಿ ಹೇಳಿರುವುದು 4ರಿಂದ 10 ವರ್ಷದ ಮಕ್ಕಳನ್ನು ಕರೆದೊಯ್ಯುವವರಿಗೆ.

1. ಹೆಸರು ಕೊಡುವ ಮುನ್ನ

ಶಿಬಿರ ನಡೆಸುವವರಿಗೆ ಐದು ಪ್ರಶ್ನೆ ಕೇಳಿ. ಜಾಗದ ಒಡೆಯರ ಲಿಖಿತ ಅನುಮತಿ ಇದೆಯೇ? ವಿಮೆಯಲ್ಲಿ ಮಕ್ಕಳೂ ಸೇರಿದ್ದಾರೆಯೇ? ಪ್ರಥಮ ಚಿಕಿತ್ಸೆ ಬಲ್ಲವರು ಕೆಲಸದ ಜಾಗದಲ್ಲೇ ಇರುತ್ತಾರೆಯೇ? ಶೌಚಾಲಯ ಎಷ್ಟು ದೂರ? ನೀವು ಹೊರಟ ಮೇಲೆ ಹಾದಿಯನ್ನು ನೋಡಿಕೊಳ್ಳುವವರು ಯಾರು? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಶಿಬಿರ ಹುಡುಕಿ. ‘ಮಕ್ಕಳಿಗಾಗಿ ಪ್ರತ್ಯೇಕ ಚಟುವಟಿಕೆ ಇದೆ’ ಎಂದರೆ ಮಕ್ಕಳನ್ನು ಕೆಲಸದಿಂದ ದೂರ ಕೂರಿಸಿ ಚಿತ್ರ ಬಿಡಿಸಲು ಹಚ್ಚುತ್ತಾರೆ ಎಂದೇ ಸಾಮಾನ್ಯವಾಗಿ ಅರ್ಥ. ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ.

ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಪೊದೆ ಸವರುವ ಶಿಬಿರವಿದ್ದರೆ ಒಪ್ಪಿಕೊಳ್ಳಬೇಡಿ. ಮಣ್ಣು ಧೂಳಾಗುವ ಬಿರುಬೇಸಿಗೆಯೂ ಕೆಸರಾಗುವ ಮಳೆಗಾಲವೂ ಬೇಡ. ಮಳೆ ನಿಂತು ನೆಲದಲ್ಲಿ ಇನ್ನೂ ಹಸಿ ಇರುವ ವಾರಗಳೇ ಸರಿಯಾದ ಕಾಲ. ಎಲ್ಲರಿಗೂ ಧನುರ್ವಾಯು ಲಸಿಕೆ ಆಗಿದೆಯೇ ನೋಡಿಕೊಳ್ಳಿ. ಹಳೆಯ ಶೂಗಳಾದರೆ ಅಡಿಯನ್ನು ಬ್ರಷ್‌ನಿಂದ ಉಜ್ಜಿ ತೊಳೆದುಕೊಂಡೇ ಹೋಗಿ. ಅಡಿಯಲ್ಲಿ ಸಿಕ್ಕಿಕೊಂಡ ಕಳೆಬೀಜಗಳು ಹೊಸ ಜಾಗಕ್ಕೆ ಹಬ್ಬುವುದು ಹೀಗೆಯೇ.

2. ಸಲಕರಣೆ

ದೊಡ್ಡವರಿಗೆ ಗುದ್ದಲಿ, ಪಿಕಾಸಿ, ಸಲಿಕೆ, ಕಬ್ಬಿಣದ ಹಲ್ಲಿನ ಕುಂಟೆ, ಕೈಗರಗಸ, ಮಣ್ಣು ಬಡಿದು ಗಟ್ಟಿ ಮಾಡುವ ದಿಮ್ಮಸು. ಅಳತೆಗೆ 10 ಮೀಟರ್ ದಾರ, ದಾರಕ್ಕೆ ನೇತುಹಾಕುವ ಪುಟ್ಟ ರಸಮಟ್ಟ (ಗುಳ್ಳೆಯಿಂದ ಮಟ್ಟ ತೋರಿಸುವ ಸಾಧನ), ಟೇಪು, 75 ಸೆಂ.ಮೀ. ಉದ್ದದ ನೇರವಾದ ಮರದ ರೀಪು, ಅದರ ಮೇಲಿಡಲು ಇನ್ನೊಂದು ರಸಮಟ್ಟ.

ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಸಲಿಕೆ, ಕುಂಟೆಗಳನ್ನು ಮಾತ್ರ ಕೊಳ್ಳಬೇಡಿ. ಗಟ್ಟಿ ನೆಲಕ್ಕೆ ತಾಗಿದೊಡನೆ ಮುರಿಯುತ್ತವೆ, ಮುರಿದ ಅಂಚು ಚೂಪಾಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಲಿರುವುದು ಆಟದ ಸಾಮಾನು ಎಂದು ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ನಿಜವಾದ ಸಣ್ಣ ಸಲಿಕೆಯನ್ನೇ ಕೊಡಿ. ಹಿಡಿಕೆ ಮಗುವಿನ ಎದೆಮಟ್ಟಕ್ಕಿರಲಿ. ಎರಡು–ಮೂರು ಲೀಟರ್ ಹಿಡಿಯುವ ಬಕೆಟ್ ಸಾಕು. ದೊಡ್ಡ ಬಕೆಟ್ ಕೊಟ್ಟರೆ ಮಕ್ಕಳು ಕಂಠಮಟ್ಟ ತುಂಬಿಸಿಕೊಳ್ಳುತ್ತಾರೆ, ಎತ್ತಲಾಗದೆ ಹತ್ತು ನಿಮಿಷದಲ್ಲಿ ಬೇಸರಪಡುತ್ತಾರೆ. ಕೈಗವಸು ಮಗುವಿನ ಅಳತೆಯದ್ದೇ ಆಗಬೇಕು. ದೊಗಳೆ ಗವಸಿನಿಂದ ಸಲಕರಣೆ ಜಾರುತ್ತದೆ. ಎಂಟು ವರ್ಷದೊಳಗಿನವರ ಕೈಗೆ ಪಿಕಾಸಿ, ಗರಗಸ ಕೊಡುವ ಮಾತೇ ಇಲ್ಲ.

ಬೀಸುವ ಸಲಕರಣೆ ಹಿಡಿದವರ ಸುತ್ತ 3 ಮೀಟರ್ ಒಳಗೆ ಯಾರೂ ಇರಬಾರದು. ಮೊದಲ ದಿನವೇ 3 ಮೀಟರ್ ಹಗ್ಗ ಕತ್ತರಿಸಿ ಮಕ್ಕಳಿಂದಲೇ ಅಳೆಯಿಸಿ. ‘ದೂರ ನಿಲ್ಲು’ ಎಂದು ದಿನವಿಡೀ ಕೂಗುವುದು ತಪ್ಪುತ್ತದೆ. ಸಲಕರಣೆಯನ್ನು ಹೆಗಲ ಮೇಲೆ ಹೊರಬಾರದು. ಇಳಿಜಾರಿನ ಕಡೆಯ ಕೈಯಲ್ಲಿ, ಅಲಗು ಕೆಳಗೆ ಮಾಡಿ ಹಿಡಿಯಬೇಕು. ಜಾರಿದರೆ ಅದನ್ನು ಹಳ್ಳದ ಕಡೆಗೆ ಬಿಸಾಕಬಹುದು, ಅದರ ಮೇಲೆಯೇ ಬೀಳುವುದು ತಪ್ಪುತ್ತದೆ.

3. ಗೆರೆ ಹಾಕುವುದು

ಮಕ್ಕಳಿದ್ದಾರೆಂದು ಸಮತಟ್ಟು ಜಾಗ ಹುಡುಕುವವರೇ ಹೆಚ್ಚು. ಅಲ್ಲಿ ನೀರಿಗೆ ಹೋಗಲು ದಾರಿಯಿಲ್ಲದೆ ಹಾದಿ ರಾಡಿಯಾಗುತ್ತದೆ. ಜನ ರಾಡಿಯನ್ನು ಬಳಸಿಕೊಂಡು ನಡೆದು ನಡೆದು ಹಾದಿಯನ್ನು ಅಗಲ ಮಾಡುತ್ತಾರೆ. ಗುಡ್ಡದ ಮಗ್ಗುಲನ್ನು ಅಡ್ಡಕ್ಕೆ ಹಾಯುವ ಗೆರೆಯೇ ಒಳ್ಳೆಯದು.

ಐದು ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು ದಾರ ಬಿಗಿಯಿರಿ. ದಾರದ ನಡುವೆ ರಸಮಟ್ಟ ನೇತುಹಾಕಿ ಗುಳ್ಳೆ ನಡುವಿಗೆ ಬರುವಂತೆ ಮಾಡಿ. ಎರಡೂ ಗೂಟಗಳಲ್ಲಿ ನೆಲದಿಂದ ದಾರದವರೆಗೆ ಅಳೆಯಿರಿ. ವ್ಯತ್ಯಾಸ 40 ಸೆಂ.ಮೀ. ಬಂದರೆ ಏರು ಶೇ 8. ಸಣ್ಣ ಮಕ್ಕಳ ಹಾದಿಗೆ ಇಷ್ಟೇ ಮಿತಿ. ಅಲ್ಲೊಂದು ಇಲ್ಲೊಂದು ಗಿಡ್ಡ ತುಂಡಿನಲ್ಲಿ ಶೇ 12ರವರೆಗೆ ಹೋಗಬಹುದು. ಇದರ ಜೊತೆಗೆ ಇನ್ನೊಂದು ನಿಯಮ ಕಡ್ಡಾಯ: ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು. ಗುಡ್ಡ ಶೇ 12 ಇಳಿಜಾರಾಗಿದ್ದರೆ ಹಾದಿ ಶೇ 6 ದಾಟುವಂತಿಲ್ಲ. ದಾಟಿದರೆ ನೀರು ಪಕ್ಕಕ್ಕೆ ಇಳಿಯುವ ಬದಲು ಹಾದಿಯನ್ನೇ ಹಿಡಿದು ಓಡುತ್ತದೆ.

ಸುಮಾರು 10 ಮೀಟರಿಗೊಮ್ಮೆ ಹಾದಿ ತುಸು ಇಳಿದು ಮತ್ತೆ ಏರುವಂತೆ ಗೆರೆ ಎಳೆಯಿರಿ. ಹಾದಿ ದೊಡ್ಡ ಮರದ ಬುಡದ ಮೇಲ್ಗಡೆಗೆ ಹತ್ತಿ, ಮರವನ್ನು ದಾಟಿ, ಕೆಳಗಿಳಿದರೆ ಇದು ತಾನಾಗಿ ಸಿಗುತ್ತದೆ. ಬಾವುಟಗಳನ್ನು 3 ಮೀಟರಿಗೊಂದರಂತೆ ಮಕ್ಕಳು ನೆಡಲಿ. ಬಾವುಟ ಹಾದಿಯ ಹೊರ ಅಂಚನ್ನು (ಇಳಿಜಾರಿನ ಕಡೆಯದನ್ನು) ಸೂಚಿಸುತ್ತದೆಯೋ ನಡುವನ್ನೋ ಎಂದು ಮೊದಲೇ ಒಂದು ಮಾತಾಗಲಿ. ಆಗದಿದ್ದರೆ ಎರಡು ತಂಡದವರು ಕಡಿದ ಹಾದಿ ಒಂದಕ್ಕೊಂದು ಕೂಡುವುದಿಲ್ಲ. ಹೊರ ಅಂಚೇ ವಾಸಿ, ಕಡಿಯುವಾಗ ಬಾವುಟ ಕಾಲಿಗೆ ಅಡ್ಡ ಬರುವುದಿಲ್ಲ.

4. ಪೊದೆ ಸವರುವುದು

1.2 ಮೀಟರ್ ಅಗಲ, 2.2 ಮೀಟರ್ ಎತ್ತರ ಸಾಕು. ಕಡಿಯುವ ಮುನ್ನ ಗೂಡು, ಕಣಜದ ಹುಳ, ಹಾವು ಇವೆಯೇ ಎಂದು ಉದ್ದನೆಯ ಕೋಲಿನಿಂದ ತಡಕಿ ನೋಡಿ. ಕಲ್ಲನ್ನು ಕೈಯಿಂದ ಮಗುಚಬೇಡಿ, ಸಲಕರಣೆಯ ತುದಿ ಬಳಸಿ. ಕೊಂಬೆಯನ್ನು ಕಾಂಡ ಸೇರುವಲ್ಲಿನ ಉಬ್ಬಿನ ಹೊರಗೆ ಕತ್ತರಿಸಿ. ಗಾಯಕ್ಕೆ ಬಣ್ಣ ಬಳಿಯಬೇಕಿಲ್ಲ. ಗಿಡದ ಬುಡವನ್ನು ಓರೆಯಾಗಿ ಕೊಚ್ಚಿದರೆ ಅದು ಭರ್ಜಿಯಂತೆ ನಿಲ್ಲುತ್ತದೆ, ಓಡುವ ಮಗು ಅದರ ಮೇಲೆಯೇ ಬೀಳುತ್ತದೆ. ಬುಡ ಸಮೇತ ಅಗೆದು ತೆಗೆಯಿರಿ.

5. ಹಾದಿ ಕಡಿಯುವುದು

ಶಿಬಿರದ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಬೇಕು. ಬೇರು, ಕಲ್ಲಿರುವ ನೆಲದಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ ಕೆಲವೇ ಮೀಟರ್ ಸಾಗೀತು. ಉದ್ದದ ಆಸೆ ಬಿಡಿ. 20 ಮೀಟರ್ ಸರಿಯಾದ ಹಾದಿಯೇ 100 ಮೀಟರ್ ಕೆರೆದ ಗೆರೆಗಿಂತ ಮೇಲು.

ಮೊದಲು ತರಗೆಲೆಯನ್ನು ಮಕ್ಕಳು ಗುಡಿಸಿ ಹಾದಿಯ ಮೇಲ್ಗಡೆ ರಾಶಿ ಹಾಕಲಿ. ಆಮೇಲೆ ಅದು ಬೇಕಾಗುತ್ತದೆ, ಎಸೆಯಬೇಡಿ. ಎಲೆಯ ಕೆಳಗಿನ ಕಪ್ಪನೆಯ, ಮೆದುವಾದ, ಬೇರಿನ ಎಳೆಗಳಿಂದ ತುಂಬಿದ ಮೇಲ್ಮಣ್ಣನ್ನು ಪೂರ್ತಿ ತೆಗೆಯಬೇಕು. ಆಳ 5 ಸೆಂ.ಮೀ. ಇರಬಹುದು, 15 ಕೂಡ ಇರಬಹುದು. ಬಣ್ಣ ತಿಳಿಯಾಗಿ, ಹೆಬ್ಬೆರಳಿನಿಂದ ಒತ್ತಿದರೆ ಕುಸಿಯದ ಮಣ್ಣು ಸಿಗುವವರೆಗೆ ಕೆರೆಯಿರಿ. ಇಲ್ಲಿ ಅವಸರಪಟ್ಟರೆ ಮೇಲ್ಮಣ್ಣು ನೀರು ಹೀರಿ, ಕೊಳೆತು, ಕುಸಿದು ಹಾದಿಯ ನಡುವೆ ಗುಂಡಿ ಬೀಳುತ್ತದೆ.

ನಂತರ ಗುಡ್ಡದೊಳಕ್ಕೆ ಕಡಿಯಬೇಕು. ಬಹುತೇಕರು ಎಡವುವುದು ಇಲ್ಲೇ. ಒಳಗಡೆ ಅರ್ಧ ಅಗಲ ಕಡಿದು, ಆ ಮಣ್ಣನ್ನೇ ಹೊರಗಡೆ ಸುರಿದು ಉಳಿದರ್ಧ ತುಂಬಿಸಿಬಿಡುತ್ತಾರೆ. ಕೆಲಸ ಕಡಿಮೆಯಾಗುವುದೇನೋ ನಿಜ. ಆದರೆ ಸುರಿದ ಮಣ್ಣಿಗೆ ಬುಡ ಗಟ್ಟಿಯಿಲ್ಲ. ಹೊರ ಅಂಚಿನಲ್ಲಿ ನಡೆಯುವ ಮಗುವಿನ ಕಾಲಡಿ ಅದು ಜಾರುತ್ತದೆ. ಹಾದಿಯ 75 ಸೆಂ.ಮೀ. ಅಗಲವಷ್ಟೂ ಅಲುಗಾಡದ ಮೂಲ ನೆಲದ ಮೇಲೆಯೇ ಇರಬೇಕು. ಶೇ 30 ಇಳಿಜಾರಿನಲ್ಲಿ ಹೀಗೆ ಕಡಿದರೆ ಒಳ ಅಂಚಿನಲ್ಲಿ 18–20 ಸೆಂ.ಮೀ. ಎತ್ತರದ ಗೋಡೆ ಏಳುತ್ತದೆ. ಅದನ್ನು ನೆಟ್ಟಗೆ ಬಿಡದೆ ಸುಮಾರು 45 ಡಿಗ್ರಿಗೆ ಓರೆ ಮಾಡಿ. ನೆಟ್ಟಗಿನ ಗೋಡೆ ಮೊದಲ ಮಳೆಗೇ ಕುಸಿದು ಹಾದಿಯ ಮೇಲೆ ಬೀಳುತ್ತದೆ. ಕಡಿದ ಮಣ್ಣನ್ನು ಹೊರ ಅಂಚಿನಿಂದ ದೂರಕ್ಕೆ ಚದುರಿಸಿ ಎಸೆಯಿರಿ. ಅಂಚಿನಲ್ಲೇ ರಾಶಿ ಬಿದ್ದರೆ ಅದೇ ಬದುವಾಗಿ ನೀರನ್ನು ಹಾದಿಯೊಳಗೆ ತಡೆಯುತ್ತದೆ.

ಈಗ ವಾಟ. ಒಳ ಅಂಚಿಗಿಂತ ಹೊರ ಅಂಚು ಶೇ 5ರಷ್ಟು ತಗ್ಗಿರಬೇಕು, ಅಂದರೆ 75 ಸೆಂ.ಮೀ. ಅಗಲಕ್ಕೆ ಸುಮಾರು 4 ಸೆಂ.ಮೀ. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಇಳಿಜಾರಿನಲ್ಲಿ ನಿಂತವರಿಗೆ ಒಳಕ್ಕೆ ವಾಲಿದ ನೆಲವೂ ಮಟ್ಟವಾಗಿಯೇ ಕಾಣುತ್ತದೆ. ರೀಪಿನ ಒಂದು ತುದಿಯ ಅಡಿಗೆ 4 ಸೆಂ.ಮೀ. ದಪ್ಪದ ಮರದ ತುಂಡು ಹೊಡೆಯಿರಿ. ತುಂಡಿರುವ ತುದಿ ಹೊರಗಡೆ ಬರುವಂತೆ ರೀಪನ್ನು ಹಾದಿಗೆ ಅಡ್ಡ ಇಟ್ಟು ಮೇಲೆ ರಸಮಟ್ಟ ಇಡಿ. ಗುಳ್ಳೆ ನಡುವಿಗೆ ಬಂದರೆ ವಾಟ ಸರಿ. ಒಳಗಡೆಗೆ ಸರಿದರೆ ಒಳಗಡೆ ಎತ್ತರವಾಗಿದೆ, ಕೆರೆಯಬೇಕು. ಹೊರಗಡೆಗೆ ಸರಿದರೆ ಹೊರ ಅಂಚನ್ನು ಇಳಿಸಬೇಕು. ಆರು ವರ್ಷದ ಮಗು ಈ ಕೆಲಸವನ್ನು ದೊಡ್ಡವರಿಗಿಂತ ನಿಷ್ಠುರವಾಗಿ ಮಾಡುತ್ತದೆ, ‘ಪರವಾಗಿಲ್ಲ ಬಿಡು’ ಅನ್ನುವುದಿಲ್ಲ. ಅರ್ಧ ಮೀಟರಿಗೊಮ್ಮೆ ಅಳೆಯಲಿ.

ಇನ್ನೂ ಚಿಕ್ಕವರಿಗೆ ಚೆಂಡು ಕೊಡಿ. ಹಾದಿಯ ಒಳ ಅಂಚಿನಿಂದ ಮೆಲ್ಲಗೆ ಬಿಟ್ಟರೆ ಅದು ಹೊರಗಡೆ ಉರುಳಿಹೋಗಬೇಕು. ನಡುವೆ ನಿಂತರೆ ಅಲ್ಲಿ ತಗ್ಗಿದೆ. ಹಾದಿಗುಂಟ ಓಡಿದರೆ ವಾಟ ಸಾಲದು. ಕೆಳಗೆ ಹಿಡಿಯಲು ಒಬ್ಬರು ನಿಂತಿರಲಿ.

ಹೊರ ಅಂಚನ್ನು ಕೊನೆಯಲ್ಲಿ ದುಂಡಗೆ ಸವರಿ. ಕಡಿದ ಹಾದಿಗೆ ಮರದ ದಿಮ್ಮಿಗಳ ಅಂಚು ಕಟ್ಟಿದರೆ ಚೆಂದ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಕೇಳಬೇಡಿ, ದಿಮ್ಮಿಗಳ ಹಿಂದೆ ನೀರು ನಿಂತು ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಗುತ್ತದೆ.

ಗೆರೆ ಹಾಕುವಾಗ ಬಿಟ್ಟ ತಗ್ಗುಗಳಿಗೆ ಇನ್ನಷ್ಟು ಕೆಲಸವಿದೆ. ತಗ್ಗಿನ ತಳದಲ್ಲಿ ವಾಟ ಶೇ 10–15 ಇರಲಿ, ನೀರು ಹೊರಬೀಳುವ ಬಾಯಿ ಕನಿಷ್ಠ ಒಂದು ಮೀಟರ್ ಅಗಲವಿರಲಿ. ಕಿರಿದಾದ ಬಾಯಿಗೆ ಒಂದು ಹಿಡಿ ತರಗೆಲೆ ಸಾಕು ಮುಚ್ಚಲು. ತಗ್ಗಿನ ಆಚೆ ಹಾದಿ ಮತ್ತೆ 15–20 ಸೆಂ.ಮೀ. ಏರಬೇಕು, ಆದರೆ ಒಮ್ಮೆಲೇ ಏರಬಾರದು, ಒಂದೂವರೆ ಮೀಟರ್ ದೂರದಲ್ಲಿ ನಿಧಾನವಾಗಿ ಏರಲಿ. ಇದರ ಬದಲು ಹಾದಿಗೆ ಅಡ್ಡಲಾಗಿ ಮರದ ದಿಮ್ಮಿ ಹೂಳುವ ಅಡ್ಡದಾರಿ ಎಲ್ಲೆಡೆ ಚಾಲ್ತಿಯಲ್ಲಿದೆ. ದಿಮ್ಮಿಯ ಮೇಲ್ಗಡೆ ಹೂಳು ತುಂಬಿದೊಡನೆ ನೀರು ಅದನ್ನು ಹಾರಿ ಹೋಗುತ್ತದೆ, ಮಕ್ಕಳು ಎಡವುತ್ತಾರೆ, ಮರ ಕೊಳೆಯುತ್ತದೆ.

ಕೊನೆಗೆ ಗಟ್ಟಿ ಮಾಡುವುದು. ಒಂದು ಮುಷ್ಟಿ ಮಣ್ಣು ಹಿಡಿದು ಹಿಸುಕಿ. ಉಂಡೆಯಾಗಿ ನಿಂತು, ಬೆರಳಿನಿಂದ ಒತ್ತಿದಾಗ ಎರಡು–ಮೂರು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಚಿಮುಕಿಸಿ. ಅಂಗೈಗೆ ಮೆತ್ತಿಕೊಂಡರೆ ಒಣಗಲು ಬಿಡಿ. ಒಣ ಧೂಳನ್ನು ಎಷ್ಟು ಬಡಿದರೂ ಅದು ಕೂರುವುದಿಲ್ಲ. ದೊಡ್ಡವರು ದಿಮ್ಮಸಿನಿಂದ ಬಡಿಯಲಿ, ಮಕ್ಕಳು ಸಾಲಾಗಿ ಕುಣಿದು ತುಳಿಯಲಿ. ಎತ್ತಿಟ್ಟ ತರಗೆಲೆಯನ್ನು ಓರೆ ಗೋಡೆಯ ಮೇಲೂ ಎಸೆದ ಮಣ್ಣಿನ ಮೇಲೂ ಹರಡಿ, ಹಾದಿಯ ಮೇಲೆ ಬೇಡ.

ಮಕ್ಕಳಿಗೆ ಒಂದೇ ಕೆಲಸ 20–30 ನಿಮಿಷಕ್ಕಿಂತ ಹೆಚ್ಚು ಬೇಡ. ಗುಡಿಸುವುದು, ಹೊರುವುದು, ಅಳೆಯುವುದು, ತುಳಿಯುವುದು ಎಂದು ಬದಲಿಸುತ್ತಿರಿ. ಗುದ್ದಲಿ ಹಿಡಿದವರಿಗೆ ಮಕ್ಕಳ ಉಸ್ತುವಾರಿ ವಹಿಸಬಾರದು. ಅದಕ್ಕೆಂದೇ ಕೈ ಖಾಲಿಯಿರುವ ದೊಡ್ಡವರೊಬ್ಬರು ಸದಾ ಇರಬೇಕು.

6. ಒದ್ದೆ ಜಾಗ

ಸಾಧ್ಯವಿದ್ದರೆ ಮೇಲಿನಿಂದ ಬಳಸಿಕೊಂಡು ಹೋಗಿ. ಆಗದಿದ್ದರೆ ಮೆಟ್ಟುಗಲ್ಲು: 35 ಸೆಂ.ಮೀ. ಅಗಲದ, ಮೇಲ್ಮೈ ಒರಟಾದ ಕಲ್ಲುಗಳನ್ನು ಮೂರನೇ ಎರಡು ಭಾಗ ಹೂಳಿ. ಅಂತರವನ್ನು ನಿಮ್ಮ ಹೆಜ್ಜೆಯಲ್ಲಿ ಅಳೆಯದೆ, ತಂಡದ ಅತಿ ಚಿಕ್ಕ ಮಗುವನ್ನು ನಡೆಸಿ ಗುರುತು ಹಾಕಿ. ಜಲ್ಲಿ ಹಾಕುವುದಾದರೆ ಪುಡಿ ಬೆರೆತ ಒಡೆದ ಜಲ್ಲಿಯೇ ಆಗಬೇಕು. ಹೊಳೆಯ ನುಣುಪು ಕಲ್ಲು ಎಷ್ಟು ಬಡಿದರೂ ಕಾಲಡಿ ಉರುಳುತ್ತದೆ. ಜಲ್ಲಿಯಡಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ. ಮರದ ಚಕ್ಕೆ ಬೇಗ ಕೊಳೆಯುತ್ತದೆ, ಆಗಾಗ ಹೊಸದು ಸುರಿಯುವವರಿದ್ದರೆ ಮಾತ್ರ ಬಳಸಿ.

7. ಫಲಕಗಳು

ಕಡಿಮೆ ಇರಲಿ. ಮಗುವಿನ ಕಣ್ಣಿನ ಮಟ್ಟಕ್ಕೆ, ನೆಲದಿಂದ 80–90 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿ. ಲ್ಯಾಮಿನೇಟ್ ಮಾಡಿದ ಕಾಗದ ಬೇಡ, ಅಂಚಿನಿಂದ ನೀರು ನುಗ್ಗಿ ಬೂಷ್ಟು ಹಿಡಿಯುತ್ತದೆ. ಮರಕ್ಕೆ ಮೊಳೆ ಹೊಡೆಯಬೇಡಿ.

8. ಒಪ್ಪಿಸುವುದು

ಹೊರಡುವ ಹಿಂದಿನ ದಿನ ಪ್ರತಿ ತಗ್ಗಿನ ಮೇಲ್ಗಡೆ ಎರಡು ಬಕೆಟ್ ನೀರನ್ನು ಮಕ್ಕಳಿಂದ ಸುರಿಸಿ. ನೀರು ಬಾಯಿಯಿಂದ ಹೊರಹೋಗಬೇಕು. ತಗ್ಗನ್ನು ದಾಟಿ ಮುಂದೆ ಹರಿದರೆ ಇನ್ನೂ ಆಳ ಮಾಡಲು ಅರ್ಧ ದಿನ ಕೈಯಲ್ಲಿರುತ್ತದೆ. ಈ ಪರೀಕ್ಷೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡವರು ತಪ್ಪು ಕಂಡರೂ ಬಸ್ಸು ಹತ್ತಬೇಕಾಗುತ್ತದೆ.

ಹಾದಿ ನೋಡಿಕೊಳ್ಳುವವರಿಗೆ ಒಂದು ಹಾಳೆ ಬರೆದುಕೊಡಿ: ಪ್ರತಿ ತಗ್ಗು ಎಲ್ಲಿದೆ, ಅದರ ಬಾಯಿಯ ಅಗಲ ಎಷ್ಟು, ಎಲ್ಲಿ ಮಣ್ಣು ಇನ್ನೂ ಸಡಿಲವಿದೆ. ಮೊದಲ ದೊಡ್ಡ ಮಳೆಯಾದ ವಾರದೊಳಗೆ ಬಾಯಿಗಳ ಎಲೆ, ಹೂಳು ತೆಗೆಯಬೇಕು. ಹೊರ ಅಂಚಿನಲ್ಲಿ ಎದ್ದ ಬದುವನ್ನು ವರ್ಷಕ್ಕೊಮ್ಮೆ ಕೆರೆದು ಹಾಕಬೇಕು. ತುಂಡು ಹೊಡೆದ ರೀಪನ್ನೂ ಅವರಿಗೇ ಬಿಟ್ಟು ಬನ್ನಿ.