ಮೈನಸ್ 80 ಇಲ್ಲದೆ ಪ್ರೈಮರ್ ಉಳಿಸಿಕೊಂಡದ್ದು: ನನ್ನ ಅನುಭವ

ದಾವಣಗೆರೆ ಬಿಸಿಲಿಗೆ ಮೈನಸ್ 80 ಡಿಗ್ರಿಯ ಫ್ರೀಜರ್ ಇಲ್ಲದೆ ಪ್ರೈಮರ್ (ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ನಕಲು ಮಾಡುವ ವಿಧಾನದಲ್ಲಿ, ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕು) ಬಾಳಿಕೆ ಬರುವುದಿಲ್ಲ ಅಂದವರೇ ಜಾಸ್ತಿ. "ಹಳೇದು ಎಸೆದು ಹೊಸದು ತರಿಸಿ ಸರ್" ಎಂಬ ಸಲಹೆ ಬೇರೆ. ನಮ್ಮಲ್ಲಿರುವುದು ಮನೆಗೆ ಕೊಳ್ಳುವಂಥ ಫ್ರಿಜ್. ಅದರಲ್ಲೇ ಎರಡು ವರ್ಷದ ಮೇಲೆ ಇದ್ದ 27ಎಫ್, 1492ಆರ್ ಪ್ರೈಮರ್ ಜೋಡಿ (ಬ್ಯಾಕ್ಟೀರಿಯಾ ಗುರುತಿಸುವ 16ಎಸ್ ಜೀನಿನದು) ಮೊನ್ನೆಯೂ ಜೆಲ್‌ನಲ್ಲಿ 1500 ಬೇಸ್ (ಡಿಎನ್‌ಎ ಅಕ್ಷರ) ಆಸುಪಾಸು ದಪ್ಪ ಬ್ಯಾಂಡ್, ಅಂದರೆ ಡಿಎನ್‌ಎ ಗೆರೆ, ಕೊಟ್ಟಿತು. ಜೆಲ್ ಫೋಟೋ ಗೋಡೆಗೆ ಅಂಟಿಸಿದ್ದೇನೆ, ನಂಬದವರು ಬಂದು ನೋಡಲಿ.

ನಮ್ಮದು ಹಿರಿಯೂರು ಕಡೆಯ ದಾಳಿಂಬೆಯ ದುಂಡಾಣು ಅಂಗಮಾರಿ ಕೆಲಸ. ಮಳೆ ಬಿದ್ದರೆ ಸ್ಯಾಂಪಲ್ ರಾಶಿ, ಇಲ್ಲದಿದ್ದರೆ ಪ್ರೈಮರ್ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ.

ಮೊದಲೆಲ್ಲ ನೀರಿನಲ್ಲೇ ಕರಗಿಸುತ್ತಿದ್ದೆವು. ಕೆಲವು ತಿಂಗಳಲ್ಲೇ ಬ್ಯಾಂಡ್ ಮಂಕು. ಕಾರಣ ಹುಡುಕುತ್ತಾ ಪಾಲಿಮರೇಸ್ (ನಕಲು ಮಾಡುವ ಕಿಣ್ವ) ಬದಲಾಯಿತು, ಅನೀಲಿಂಗ್ (ಪ್ರೈಮರ್ ಅಂಟುವ) ಉಷ್ಣತೆ ಇಳಿಯಿತು, ಡಿಎನ್‌ಎ ಹೊಸದಾಗಿ ತೆಗೆದದ್ದಾಯಿತು. ಹೊಸ ಪ್ರೈಮರ್ ತರಿಸಿದರೆ ಬೇಸ್‌ಗೆ ಹನ್ನೆರಡು ರೂಪಾಯಿ ಲೆಕ್ಕದಲ್ಲಿ ಜೋಡಿಗೆ ಐನೂರರ ಹತ್ತಿರ, ಕೊರಿಯರ್ ಬೇರೆ. ವರ್ಷಕ್ಕೆ ಹತ್ತು ಸಾವಿರ ಹೀಗೇ ಹೋಗುತ್ತಿತ್ತು. ಕೊನೆಗೆ ಪಿಎಚ್ ಪಟ್ಟಿ ಅದ್ದಿದರೆ ನೀರು ಐದೂವರೆ! ಅಂಥ ಹುಳಿ ನೀರಲ್ಲಿ ಪ್ರೈಮರ್‌ನ ಪ್ಯೂರಿನ್ (ಎ, ಜಿ ಬೇಸ್) ಉದುರದೆ ಇರುತ್ತಾ? ಸಾಲದ್ದಕ್ಕೆ ಫ್ರಿಜ್ ತಾನೇ ಐಸ್ ಕರಗಿಸಿಕೊಳ್ಳುವ ಜಾತಿಯದು. ಕರೆಂಟ್ ಹೋಗದ ದಿನವೂ ಒಳಗಿನ ಟ್ಯೂಬ್ ಬಿಸಿ-ತಂಪು ಆಡುತ್ತಿತ್ತು.

ಈಗ ಕರಗಿಸುವುದು ಬಫರ್‌ನಲ್ಲಿ (ಪಿಎಚ್ ಕಾಯುವ ದ್ರಾವಣ): ಟ್ರಿಸ್ 10 ಮಿಲಿಮೋಲಾರ್, ಪಿಎಚ್ 8, ಇಡಿಟಿಎ 0.1 ಮಿಲಿಮೋಲಾರ್ ಮಾತ್ರ. ಮಾಮೂಲಿ ಟಿಇ (ಟ್ರಿಸ್-ಇಡಿಟಿಎ) ಬಫರ್‌ನ 1 ಮಿಲಿಮೋಲಾರ್ ಇಡಿಟಿಎ ಪಿಸಿಆರ್‌ಗೆ ಬೇಕಾದ ಮೆಗ್ನೀಸಿಯಂ ನುಂಗುತ್ತದೆ. 100 ಮೈಕ್ರೋಮೋಲಾರ್ ಸ್ಟಾಕ್ ಫ್ರೀಜರ್‌ನಲ್ಲಿ, ಜೆಲ್ ಪ್ಯಾಕ್ ತುಂಬಿದ ಥರ್ಮಾಕೋಲ್ ಡಬ್ಬಿಯೊಳಗೆ. ದಿನಬಳಕೆಗೆ ತೆಳು ಮಾಡಿದ 10 ಮೈಕ್ರೋಮೋಲಾರ್‌ನದು ಇಪ್ಪತ್ತಿಪ್ಪತ್ತು ಮೈಕ್ರೋಲೀಟರ್ ಪಾಲಾಗಿ ಕೆಳಗಿನ ಫ್ರಿಜ್‌ನಲ್ಲಿ, 4 ಡಿಗ್ರಿಯಲ್ಲಿ. ಇಷ್ಟು ಚಿಕ್ಕ ಪಾಲು ಆರಿಹೋಗುತ್ತದೆ ಅಂತೀರಿ, ನಿಜ. ಪ್ಯಾರಾಫಿಲ್ಮ್ (ಹಿಗ್ಗುವ ಮೇಣದಂಥ ಹಾಳೆ) ಸುತ್ತಲು ನನ್ನದೇ ಒಂದು ವರಸೆ ಇದೆ, ಅದನ್ನು ಲ್ಯಾಬಿಗೆ ಬಂದವರಿಗೆ ಮಾತ್ರ ತೋರಿಸುವುದು.

ಪಾಲು ಮಾಡಿದ್ದರಿಂದ ಇನ್ನೊಂದು ಲಾಭ. 16ಎಸ್‌ನಲ್ಲಿ ಡಿಎನ್‌ಎ ಹಾಕದ ಖಾಲಿ ಕಂಟ್ರೋಲ್‌ಗೂ ಬ್ಯಾಂಡ್ ಬರುವ ಕಾಟ ಗೊತ್ತಲ್ವಾ? ಆ ಒಂದು ಟ್ಯೂಬ್ ಎಸೆದರಾಯಿತು, ಸ್ಟಾಕ್ ಮುಟ್ಟಬೇಕಿಲ್ಲ. ಆಗಲೂ ಬಂದರೆ ಪಾಲಿಮರೇಸ್ ಮೇಲೆ ಅನುಮಾನಪಡಿ, ಅದರಲ್ಲೇ ಬ್ಯಾಕ್ಟೀರಿಯಾ ಡಿಎನ್‌ಎ ಬಂದಿರಬಹುದು.

ಹಟಕ್ಕೆ ಬಿದ್ದು ಕರಗಿಸದ ಒಣ ಪ್ರೈಮರ್ ಟ್ಯೂಬೊಂದನ್ನು ಏಪ್ರಿಲ್, ಮೇ ಪೂರ್ತಿ ಮೇಜಿನ ಡ್ರಾಯರ್‌ನಲ್ಲಿಟ್ಟೆ. ಬ್ಯಾಂಡ್ ಹೊಸದರಷ್ಟೇ ದಪ್ಪ. ಫ್ಯಾಮ್ ಪ್ರೋಬ್‌ಗೆ (ಹೊಳೆಯುವ ಬಣ್ಣ ಅಂಟಿಸಿದ ಡಿಎನ್‌ಎ ತುಣುಕು) ಮಾತ್ರ ಈ ಆಟ ನಡೆಯಲಿಲ್ಲ. ಫಾಯಿಲ್ ಸುತ್ತಿದ್ದು ಉಳಿಯಿತು, ಕಿಟಕಿ ಪಕ್ಕ ಬರಿದಾಗಿಟ್ಟದ್ದರ ಸಿಗ್ನಲ್ ನೆಲಕಚ್ಚಿತು. ಸೈ5 ಎಂಬ ಇನ್ನೊಂದು ಬಣ್ಣದ ಪ್ರೋಬ್ ಇದ್ದವರು ಪಿಎಚ್ 8ರ ಬಫರ್ ಹಾಕಬೇಡಿ, ಅದಕ್ಕೆ 7ರದ್ದು ಬೇರೆ ಬಾಟಲಿ ಮಾಡಿಕೊಳ್ಳಿ.